ಅಮಾವಾಸ್ಯೆಯ ಎಂಟನೇ ದಿನ

ಬೈಯುವವರು ಮೊದಲು ನನ್ನನ್ನೇ ಬೈಯಿರಿ, ಬ್ಯಾಂಕಿನವರನ್ನು ಆಮೇಲೆ ನೋಡಿಕೊಳ್ಳೋಣ. ನನ್ನ ಹೆಸರು ಫಕೀರವ್ವ. ಗಜೇಂದ್ರಗಡದ ನಮ್ಮ ಓಣಿಯ ಸ್ವಸಹಾಯ ಸಂಘಕ್ಕೆ ಆರು ವರ್ಷದಿಂದ ನಾನೇ ಅಧ್ಯಕ್ಷೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಹೆಂಗಸರನ್ನು ಕೈಹಿಡಿದು ಕರೆದುಕೊಂಡು ಹೋದವಳು ನಾನು. ಹಾಗಾಗಿ ಬ್ಯಾಂಕಿನದೆಲ್ಲ ನನಗೆ ಗೊತ್ತು ಎಂಬ ಸೊಕ್ಕಿತ್ತು. ಆ ಸೊಕ್ಕು ಏನು ಮಾಡಿತು ಎಂಬುದನ್ನೇ ಹೇಳುತ್ತೇನೆ.

ನಮ್ಮ ಮನೆಯ ಎದುರಿಗೆ ಗೌಸುಸಾಬನ ಮನೆ. ತಗಡಿನ ಟ್ರಂಕು ಮಾಡುವುದು ಅವನ ಕಸುಬು. ತಮ್ಮ ಇಲಿಯಾಸನೂ ಜೊತೆಗೇ ದುಡಿಯುತ್ತಿದ್ದ. ಬೆಳಗಾದರೆ ಸುತ್ತಿಗೆ ಸದ್ದು ಶುರು.

"ಏ ಗೌಸುಸಾಬ, ಮಂದಿಗೆ ನಿದ್ದಿ ಮಾಡಾಕ ಬಿಡ್ತೀಯೋ ಇಲ್ಲೋ?" ಎಂದು ನಾನು ಕೂಗುತ್ತಿದ್ದೆ.

"ಬಿಸಲು ಬಂದೈತ್ರಿ ಅಕ್ಕಾರ, ಏಳ್ರಿ ಇನ್ನ," ಎಂದು ಅವನು ಇನ್ನೆರಡು ಏಟು ಜೋರಾಗಿಯೇ ಹಾಕುತ್ತಿದ್ದ.

ಅವನ ಹೆಂಡತಿ ಜಬೀನ, ಒಬ್ಬಳೇ ಮಗಳು ನಾಜಮೀನ. ಹುಡುಗಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಮುಂದೆ ಗದಗಿಗೆ ಹೋಗಿ ನರ್ಸ್ ಕಲಿಯಬೇಕು ಎಂಬುದು ಅವಳ ಆಸೆ. ಅವಳು ಹಾಸ್ಟೆಲಿಗೆ ಒಯ್ಯಲೆಂದು ಅಪ್ಪ ಮೊದಲೇ ಒಂದು ಹಸಿರು ಟ್ರಂಕು ಮಾಡಿಟ್ಟಿದ್ದ. ಮುಚ್ಚಳದ ಮೇಲೆ ಕೆಂಪು ಬಣ್ಣದ ಹೂವು.

ಅವನ ಟ್ರಂಕುಗಳನ್ನೆಲ್ಲ ರೋಣದ ಅಂದಾನಪ್ಪ ಸಾವಕಾರರು ಕೊಳ್ಳುತ್ತಿದ್ದರು. ಅವರದೊಂದು ಪದ್ಧತಿ. ಅಮಾವಾಸ್ಯೆಯಂದು ಅಂಗಡಿ ಪೂಜೆ, ಆ ದಿನ ಗಲ್ಲಾಪೆಟ್ಟಿಗೆಯಿಂದ ಒಂದು ಪೈಸೆಯೂ ಹೊರಗೆ ಹೋಗುವಂತಿಲ್ಲ. ಮರುದಿನ ಎಲ್ಲರ ಲೆಕ್ಕವನ್ನೂ ಚೆಕ್ಕಿನಲ್ಲಿ ಚುಕ್ತಾ ಮಾಡುತ್ತಿದ್ದರು. ಆ ಚೆಕ್ಕು ರೋಣದ ಬ್ಯಾಂಕಿನದು. ನಮ್ಮೂರಿನ ಖಾತೆಗೆ ಹಣ ಬಂದು ಸೇರಲು ನಾಲ್ಕೈದು ದಿನ ಬೇಕು. ಹೀಗಾಗಿ ಗೌಸುಸಾಬನ ಮನೆಯ ಕಿರಾಣಿ, ಬಾಡಿಗೆ, ಸಂಘದ ಉಳಿತಾಯ ಎಲ್ಲವೂ ಅಮಾವಾಸ್ಯೆಯ ಲೆಕ್ಕದಲ್ಲೇ ನಡೆಯುತ್ತಿತ್ತು. ಇಂಗ್ಲಿಷ್ ತಾರೀಖು ಅವರಿಗೆ ಬೇಕಾಗಿಯೇ ಇರಲಿಲ್ಲ.

ಎರಡು ಸಾವಿರದ ಏಳನೇ ಇಸವಿಯ ಕೊನೆಯಲ್ಲಿ ಜೀವವಿಮೆಯ ಏಜೆಂಟನೊಬ್ಬ ಬಂದ. ತಿಂಗಳಿಗೆ ಆರುನೂರ ಐವತ್ತು ರೂಪಾಯಿ ಕಂತು, ಏನಾದರೂ ಆದರೆ ಮನೆಯವರಿಗೆ ಒಂದು ಲಕ್ಷ. ಕಟ್ಟಲು ಎಲ್ಲಿಗೂ ಹೋಗಬೇಕಾಗಿಲ್ಲ, ಖಾತೆಯಿಂದ ತಾನಾಗಿಯೇ ಹೋಗುತ್ತದೆ ಎಂದ. ಅಣ್ಣ ತಮ್ಮ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆಸಿದರು. ಬರೆಸಿ ಎಂದು ಒತ್ತಾಯ ಮಾಡಿದವಳು ನಾನೇ.

"ಕಂತು ಯಾವಾಗ ಕಡೀಬೇಕ್ರಿ ಸಾಬರ?" ಎಂದು ಏಜೆಂಟ ಕೇಳಿದ.

"ಅಮಾಸಿಯಾಗಿ ಆರನೇ ದಿನ ಹಚ್ರಿ. ಅಷ್ಟೊತ್ತಿಗೆ ಚೆಕ್ಕಿನ ರೊಕ್ಕ ಜಮಾ ಆಗಿರತೈತಿ," ಎಂದ ಗೌಸುಸಾಬ.

ಏಜೆಂಟ ಕ್ಯಾಲೆಂಡರ್ ನೋಡಿದ. ಆ ಡಿಸೆಂಬರಿನಲ್ಲಿ ಅಮಾವಾಸ್ಯೆ ಒಂಬತ್ತನೇ ತಾರೀಖಿಗಿತ್ತು. ಅರ್ಜಿಯಲ್ಲಿ ಹದಿನೈದು ಎಂದು ಬರೆದು ಸಹಿ ಮಾಡಿಸಿಕೊಂಡು ಹೋದ. ಏನು ಬರೆದಿರಿ ಎಂದು ನಾವು ಯಾರೂ ಕೇಳಲಿಲ್ಲ.

ಅವನು ಹೋದ ಮೇಲೆ ನಾನು ಜಬೀನಳಿಗೆ ದೊಡ್ಡ ಬುದ್ಧಿವಂತೆಯ ಹಾಗೆ ಹೇಳಿದೆ: "ನೋಡವ್ವಾ, ಆರನೇ ದಿನಕ್ಕ ಕಂತು ಹೋಗತೈತಿ. ನೀ ಎಂಟನೇ ದಿನಕ್ಕ ಬ್ಯಾಂಕಿಗೆ ಹೋಗು. ಖಾತ್ಯಾಗ ಇರಲೇಬೇಕಾದ ಐದನೂರು ಬಿಟ್ಟು ಉಳಿದದ್ದು ತಗೊಂಡು ಬಾ. ಸುಮ್ಮನ ಎರಡ ಸಲ ಯಾಕ ಅಡ್ಡಾಡ್ತಿ?"

ಇಲಿಯಾಸನೂ ತನ್ನ ಖಾತೆಯಿಂದ ಹಾಗೆಯೇ ತೆಗೆಯತೊಡಗಿದ. ನಾಲ್ಕು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಐದನೇ ತಿಂಗಳು, ಏಪ್ರಿಲಿನಲ್ಲಿ, ಜಬೀನಳ ಕೈಗೆ ಎಂದಿಗಿಂತ ಹೆಚ್ಚು ಹಣ ಬಂತು. ಮದುವೆ ಕಾಲ, ಟ್ರಂಕು ಹೆಚ್ಚು ಹೋಗಿರಬೇಕು ಎಂದುಕೊಂಡಳು. ಖುಷಿಯಿಂದ ಮಗಳಿಗೆ ಒಂದು ಜೊತೆ ಚಪ್ಪಲಿ ತಂದಳು. ನನಗೂ ತೋರಿಸಿದಳು. "ಗದಗಿಗೆ ಹೊಂಟ ಡಾಕ್ಟರಬಾಯಿ ಬಂದ್ಲು ನೋಡ್ರಿ!" ಎಂದು ನಾನು ನಾಜಮೀನಳನ್ನು ಚೇಷ್ಟೆ ಮಾಡಿದೆ.

ಮೇ ತಿಂಗಳಿನಲ್ಲಿ ಅವರ ಮನೆಗೆ ಇಂಗ್ಲಿಷಿನ ಒಂದು ಪತ್ರ ಬಂತು. ಜಬೀನ ಅದನ್ನು ಸಂಘದ ಸಭೆಗೆ ತಂದಳು. "ಏನೈತ್ರಿ ಅಕ್ಕಾರ ಇದರಾಗ?"

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬರುವುದಿಲ್ಲ ಎಂದು ಹೇಳಲು ನಾಚಿಕೆ. ಕಂಪನಿಯ ಮುದ್ರೆ ನೋಡಿದೆ, ರೂಪಾಯಿಯ ಅಂಕಿ ನೋಡಿದೆ. "ಕಂತಿನ ರಶೀದಿ ಇರಬೇಕು. ಜ್ವಾಪಾನ ಇಡು," ಎಂದೆ. ಅವಳು ಅದನ್ನು ಹಸಿರು ಟ್ರಂಕಿನಲ್ಲಿ ಜೋಪಾನವಾಗಿಯೇ ಇಟ್ಟಳು. ಜೂನಿನಲ್ಲಿ ಬಂದ ಇನ್ನೊಂದನ್ನೂ ಅಲ್ಲಿಯೇ ಇಟ್ಟಳು.

ಜೂನ್ ಕೊನೆಯ ವಾರ. ಬೆಳಿಗ್ಗೆ ಸುತ್ತಿಗೆ ಸದ್ದು ನಡುವೆಯೇ ನಿಂತಿತು. ನಾನು ರೊಟ್ಟಿ ಬಡಿಯುತ್ತಿದ್ದೆ. ಆಮೇಲೆ ಜಬೀನಳ ಕೂಗು ಕೇಳಿಸಿತು. ಓಡಿ ಹೋದರೆ ಗೌಸುಸಾಬ ಎದೆ ಹಿಡಿದುಕೊಂಡು ತಗಡಿನ ಮೇಲೆ ಒರಗಿದ್ದ. ಟೆಂಪೋದಲ್ಲಿ ರೋಣದ ದವಾಖಾನೆಗೆ ಒಯ್ದರು. ಊರು ಮುಟ್ಟುವ ಮೊದಲೇ ಜೀವ ಹೋಗಿತ್ತು. ನಲವತ್ತೆರಡು ವರ್ಷ ಅವನಿಗೆ, ಅಷ್ಟೇ.

ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನ ಪದ್ಧತಿ, ಜಬೀನ ಹೊರಗೆ ಬರುವಂತಿಲ್ಲ. ಅದಕ್ಕೆ ವಿಮೆಯ ಹಣ ಕೇಳಲು ನಾನೂ ಇಲಿಯಾಸನೂ ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ತೆಗೆದುಕೊಂಡು ಬ್ಯಾಂಕಿಗೆ ಹೋದೆವು. ಹೋಗುವಾಗ ಜಬೀನ ಬಾಗಿಲ ಮರೆಯಿಂದ, "ಒಂದು ಲಕ್ಷ ಅಂದಿದ್ರಲ್ರಿ ಅಕ್ಕಾರ, ನಾಜಮೀನನ ಸಾಲಿಗೆ ಸಾಕಾಗತೈತಲ್ಲಾ?" ಎಂದಳು. ಸಾಕಾಗುತ್ತದೆ ಎಂದು ಭರವಸೆ ಕೊಟ್ಟೇ ಹೋದೆ.

ಬ್ಯಾಂಕಿನಲ್ಲಿ ಅರ್ಚನಾ ಎಂಬ ಹುಡುಗಿ ಹೊಸದಾಗಿ ಬಂದಿದ್ದಳು. ಪತ್ರಗಳನ್ನು ಓದಿದಳು. ಕಂಪ್ಯೂಟರ್ ನೋಡಿದಳು. ಮತ್ತೆ ಪತ್ರ ಓದಿದಳು.

"ಏಪ್ರಿಲ್‌ನಿಂದ ಕಂತು ಹೋಗಿಲ್ರಿ. ಪಾಲಿಸಿ ನಿಂತೈತಿ. ಬಾಕಿ ಕಟ್ರಿ, ಚಾಲೂ ಮಾಡಸ್ಕೋರಿ ಅಂತ ಎರಡ ಸಲ ಬರದಾರ. ಇವು ರಶೀದಿ ಅಲ್ರಿ."

ಇಲಿಯಾಸ ಸಿಟ್ಟಿಗೆದ್ದ. "ಖಾತ್ಯಾಗ ತಿಂಗಳಾ ರೊಕ್ಕ ಬಿದ್ದೈತಿ! ಆರನೇ ದಿನ ಕಡಕೋರಿ ಅಂತ ನಮ್ಮ ಅಣ್ಣ ಹೇಳಿದ್ದಾ. ಯಾಕ ಕಡೀಲಿಲ್ಲ? ಬಡವರಂದ್ರ ಏನಂತ ತಿಳದೀರಿ?"

"ಆರನೇ ದಿನ ಅಂತ ಎಲ್ಲೂ ಬರದಿಲ್ರಿ ಅಣ್ಣಾರ. ಹದಿನೈದನೇ ತಾರೀಖ ಅಂತ ಬರದೈತಿ. ಕಂಪ್ಯೂಟರಿಗೆ ಅಮಾಸಿ ತಿಳಿಯಂಗಿಲ್ಲ, ಬರೇ ತಾರೀಖ ತಿಳಿತೈತಿ."

ಅವಳು ಗೋಡೆಯ ಕ್ಯಾಲೆಂಡರನ್ನೇ ಇಳಿಸಿ ಮೇಜಿನ ಮೇಲೆ ಹರವಿದಳು. ಅಮಾವಾಸ್ಯೆ ಒಂದೊಂದು ತಿಂಗಳೂ ಒಂದೆರಡು ದಿನ ಹಿಂದೆ ಸರಿಯುತ್ತ ಬಂದಿತ್ತು. ಮೊದಲಿಗೆ ನಮ್ಮ ಎಂಟನೇ ದಿನ ಹದಿನೇಳಕ್ಕಿತ್ತು. ಆಗ ಕಂತು ಹೋದ ಮೇಲೆ ಜಬೀನ ಹಣ ತೆಗೆಯುತ್ತಿದ್ದಳು. ಏಪ್ರಿಲಿನಲ್ಲಿ ಎಂಟನೇ ದಿನವೇ ಹದಿನೈದಕ್ಕಿಂತ ಮೊದಲು ಬಿತ್ತು. ಅವಳು ಹಣ ತೆಗೆದ ಮೇಲೆ ಬ್ಯಾಂಕು ಕಂತಿಗೆ ಕೈ ಹಾಕಿತು. ಖಾತೆಯಲ್ಲಿದ್ದದ್ದು ಐದುನೂರು, ಬೇಕಾದದ್ದು ಆರುನೂರ ಐವತ್ತು.

"ಕಂತು ವಾಪಸ್ ಹೋತಂತ ಒಂದು ದಂಡ ಬಿತ್ರಿ," ಎಂದಳು ಅರ್ಚನಾ. "ಆ ದಂಡ ಹೋದ ಮ್ಯಾಲ ಶಿಲ್ಕು ಐದನೂರಕಿಂತ ಕಡಿಮಿ ಆತು. ಅದಕ್ಕ ಇನ್ನೊಂದು ದಂಡ. ಮುಂದಿನ ತಿಂಗಳಾ ಮತ್ತ ಹಂಗ. ಪಾಸಬುಕ್ಕಿನಾಗ ಒಂದ ಸಲ ಎಂಟ್ರಿ ಹಾಕಿಸಿದ್ರ ಅವತ್ತ ಗೊತ್ತಾಗತಿತ್ತು."

"ಈಗ ಬಾಕಿ ಕಟ್ಟತೇವ್ರಿ ಬಾಯಾರ. ದಂಡಾನೂ ಕಟ್ಟತೇವಿ," ಎಂದೆ.

ಅವಳು ತಲೆ ತಗ್ಗಿಸಿದಳು. "ಅವರು ಇದ್ದಾಗ ಕಟ್ಟಬೇಕಿತ್ರಿ ಅಕ್ಕಾರ." ಆಮೇಲೆ ಇಲಿಯಾಸನ ಖಾತೆಯನ್ನೂ ನೋಡಿ ಅವನ ಕಡೆ ತಿರುಗಿದಳು. "ನಿಮ್ಮ ಪಾಲಿಸಿನೂ ಹಿಂಗ ನಿಂತೈತಿ. ನಿಮ್ಮದನ್ನ ಇನ್ನೂ ಚಾಲೂ ಮಾಡಸಾಕ ಬರತೈತ್ರಿ."

ಬ್ಯಾಂಕಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ದಿನ ಆ ದಾರಿ ಮುಗಿಯಲೇ ಇಲ್ಲ. ಜಬೀನಳಿಗೆ ನಾನೇ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವಳು ಅಳಲಿಲ್ಲ. ನನಗೆ ಒಂದು ಮಾತು ಬೈಯಲೂ ಇಲ್ಲ. "ಹಂಗಾರ ಆ ಚಪ್ಪಲಿ ಅವರ ಕಂತಿನ ರೊಕ್ಕದಾಗ ತಂದದ್ದೇನ್ರಿ?" ಎಂದು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ನಾಜಮೀನ ಚಪ್ಪಲಿ ಕಳಚಿ ಮೂಲೆಗಿಟ್ಟಳು.

ಇಲಿಯಾಸ ತನ್ನ ಪಾಲಿಸಿಯ ಕಾಗದ ತಂದು ಹರಿಯಲು ನಿಂತ. "ಈ ಬ್ಯಾಂಕಿನ ಸಹವಾಸನ ಬ್ಯಾಡ. ನಮ್ಮ ರೊಕ್ಕ ನಮ್ಮ ಮನ್ಯಾಗ ಇರಲಿ!"

ಜಬೀನ ಎದ್ದು ಬಂದು ಅವನ ಕೈ ಹಿಡಿದಳು. "ಹರೀಬ್ಯಾಡ ಇಲಿಯಾಸ. ನಿನಗೂ ಎರಡು ಮಕ್ಕಳದಾವು. ನಿಮ್ಮ ಅಣ್ಣ ಬದುಕಿದ್ದಾಗ ಒಬ್ಬರು ಬಂದು ನಿಮ್ಮ ಕಂತು ನಿಂತೈತಿ ಅಂದಿದ್ರ, ನಾ ಕಿವ್ಯಾನ ಝುಮಕಿ ಮಾರಿ ಕಟ್ಟತಿದ್ದೆ. ನಿನಗ ಬ್ಯಾಂಕಿನವರು ಹೇಳ್ಯಾರ. ನಾಳೆ ಬ್ಯಾಂಕ್ ತಗದ ಕೂಡಲೇ ಹೋಗು."

"ಭಾಬಿ..." ಎಂದವನು ಅಲ್ಲಿಯೇ ಕುಳಿತು ಅತ್ತುಬಿಟ್ಟ.

ಮರುದಿನ ಹೋಗಿ ಬಾಕಿ ಕಟ್ಟಿದ. ಅರ್ಚನಾ ಹೇಳಿದಂತೆ ಒಂದು ಕಂತಿನಷ್ಟು ಹಣವನ್ನು ಖಾತೆಯಲ್ಲಿ ಹೆಚ್ಚಿಗೇ ಬಿಟ್ಟ. ಅದನ್ನು ಏನೇ ಆದರೂ ಮುಟ್ಟುವುದಿಲ್ಲ. ಅವನ ಮನೆಯ ಕ್ಯಾಲೆಂಡರಿನಲ್ಲಿ ಈಗ ಪ್ರತಿ ತಿಂಗಳ ಹದಿನೈದರ ಸುತ್ತ ಟ್ರಂಕಿನ ಹೂವಿಗೆ ಹಚ್ಚುವ ಕೆಂಪು ಬಣ್ಣದ ಗುಂಡು ಗೆರೆ ಇದೆ. ಹದಿನೈದು ದಾಟಿ, ಪಾಸ್‌ಬುಕ್ಕಿನಲ್ಲಿ ಕಂತು ಹೋದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹಣ ತೆಗೆಯುತ್ತಾನೆ.

ನಾಜಮೀನ ಈ ವರ್ಷ ಗದಗಿಗೆ ಹೋಗಲಿಲ್ಲ. ಚಿಕ್ಕಪ್ಪ ಮಾಡಿದ ಟ್ರಂಕುಗಳಿಗೆ ಹೂವು ಬರೆಯುತ್ತಾಳೆ. ಹಸಿರು ಟ್ರಂಕು ಮನೆಯಲ್ಲೇ ಇದೆ. ನಮ್ಮ ಸಂಘದಿಂದ ಏನಾದರೂ ಮಾಡಬೇಕು ಎಂದು ಓಡಾಡುತ್ತಿದ್ದೇನೆ, ಆದರೆ ಒಂದು ಲಕ್ಷ ನಮ್ಮಲ್ಲಿ ಇಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಖಾತೆಯಿಂದಲೂ ವಿಮೆಯದೋ ಸಾಲದ್ದೋ ಕಂತು ತಾನಾಗಿ ಹೋಗುತ್ತಿರಬಹುದು. ಯಾವ ತಾರೀಖಿಗೆ ಹೋಗುತ್ತದೆ? ಗೊತ್ತಿಲ್ಲದಿದ್ದರೆ ಇದನ್ನು ಓದಿ ಮುಗಿಸಿದ ಕೂಡಲೇ ಪಾಸ್‌ಬುಕ್ ತೆಗೆದುಕೊಂಡು ಹೋಗಿ ಕೇಳಿ. ಚೆಕ್ಕು ಹಾಕಿದ ದಿನವೇ ಹಣ ಬಂತು ಎಂದು ತಿಳಿಯಬೇಡಿ. ನಿಮ್ಮ ಕೈಗೆ ಹಣ ಬರುವ ದಿನಕ್ಕೂ ಕಂತಿನ ತಾರೀಖಿಗೂ ಹೊಂದದಿದ್ದರೆ ತಾರೀಖು ಬದಲಿಸಲು ಅರ್ಜಿ ಕೊಡಿ. ಓದಲು ಬಾರದ ಪತ್ರ ಬಂದರೆ, ಓದಲು ಬರುವವರ ಕೈಯಲ್ಲಿ ಅದೇ ದಿನ ಓದಿಸಿ. ನನ್ನಂಥವಳ ಹತ್ತಿರ ಮಾತ್ರ ಒಯ್ಯಬೇಡಿ.

ಈಗ ನಮ್ಮ ಓಣಿಯಲ್ಲಿ ಬೆಳಿಗ್ಗೆ ಒಂದೇ ಸುತ್ತಿಗೆಯ ಸದ್ದು. ಅದು ಶುರುವಾಗುವ ಮೊದಲೇ ನನಗೆ ಎಚ್ಚರವಾಗಿರುತ್ತದೆ.