ಕುರಿ ಅಥವಾ ಮೇಕೆ

ಗುಂಡಗಿದೆ, ಮೊದಲು ಹೆಬ್ಬೆರಳಿಗೆ ಗೊತ್ತಾಯಿತು, ಕಣ್ಣಿಗೆ ಆಮೇಲೆ — ತಟ್ಟೆಯ ಅಂಚಿನಲ್ಲಿ ಉಳಿದ ಹೆಗಲ ಹಲಗೆ, ಮಾಂಸ ಬಿಟ್ಟುಕೊಂಡು ಜಿಡ್ಡಿನಲ್ಲಿ ಹೊಳೆಯುತ್ತಿದೆ, ಅದರ ತುದಿಯಲ್ಲಿ ತೋಳಿನ ಮೂಳೆ ಬಂದು ಕೂರುವ ಪುಟ್ಟ ಬಟ್ಟಲು, ಕುರಿಮರಿಯದಾದರೆ ಅದು ಮೊಟ್ಟೆಯ ಹಾಗೆ ಉದ್ದಕ್ಕಿರಬೇಕು, ಇದು ಗುಂಡಗಿದೆ, ಬಟ್ಟಲ ಹಿಂದಿನ ಕತ್ತೂ ಗಿಡ್ಡವಲ್ಲ, ಸಪೂರ, ಮೇಕೆಯದರ ಹಾಗೆ — ಛೆ, ಊಟ ಮಾಡು ಕ್ರೆಮೆನಾ, ಸಂತ ಗೆರ್ಗಿಯ ಹಬ್ಬಕ್ಕೆ ಅತ್ತೆಮನೆಗೆ ಬಂದು ತಟ್ಟೆ ಮುಂದೆ ಕೂತು ಮೂಳೆ ಸವರುವವಳು ಇಡೀ ಬಲ್ಗೇರಿಯದಲ್ಲಿ ನೀನೊಬ್ಬಳೇ ಇರಬೇಕು, ಎಂದು ತನಗೆ ತಾನೇ ಬೈದುಕೊಂಡು ಅವಳು ಕೈ ಒರೆಸಿಕೊಂಡಳು, ಆದರೆ ಬಟ್ಟೆಯಲ್ಲಿ ಒರೆಸಿದರೆ ಬೆರಳು ಕಲಿತದ್ದು ಹೋಗುತ್ತದೆಯೇ. ಅಕ್ರೋಟ್ ಮರದ ಕೆಳಗೆ ಎರಡು ಮೇಜು ಸೇರಿಸಿ ಹಾಸಿದ್ದಾರೆ, ಬಿಸಿಲು ಎಳೆ ಎಲೆಗಳಲ್ಲಿ ಸೋಸಿ ಬೀಳುತ್ತಿದೆ, ಮೇಜಿನ ತಲೆಯಲ್ಲಿ ಮಾವ ರುಸ್ಕೊ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಕ್ಕದಲ್ಲಿ ಅವರ ತಮ್ಮ ಯಾನಾಕಿ, ಬಸ್ಸು ಓಡಿಸಿ ನಿವೃತ್ತನಾದವನು, ಈಗ ಮಾತು ಓಡಿಸುತ್ತಾನೆ, ಅವನ ಎದುರು ಅವನ ಮಗನಿಗೆ ಹೆಣ್ಣು ಕೊಟ್ಟ ಹೊಸ ಬೀಗರು, ಗಂಡ ಹೆಂಡತಿ, ಪಟ್ಟಣದವರು, ಮೊದಲ ಸಲ ಬಂದಿದ್ದಾರೆ, ಎಲ್ಲವನ್ನೂ ಹೊಗಳುತ್ತಿದ್ದಾರೆ, ಮರವನ್ನು, ಗಾಳಿಯನ್ನು, ಚೀಸು ತುಂಬಿದ ಬಾನಿತ್ಸಾ ರೊಟ್ಟಿಯ ಪದರಗಳನ್ನು, ಪುದೀನ ಹಾಕಿ ಹೊಟ್ಟೆಯೊಳಗೆ ಅನ್ನ ತುಂಬಿ ಬೇಯಿಸಿದ ಮರಿಯನ್ನು. ಮರಿ. ಯಾವ ಮರಿ. ಮಾವ ಮಂದೆಯನ್ನೆಲ್ಲ ಕಳೆದ ಶರತ್ಕಾಲದಲ್ಲೇ ಕೊಟ್ಟುಬಿಟ್ಟರು, ಮಂಡಿ ಬೆಟ್ಟ ಹತ್ತುವುದಿಲ್ಲ ಎಂದು, ಒಂದೇ ಒಂದು ಗಬ್ಬದ ಕುರಿಯನ್ನು ಇಟ್ಟುಕೊಂಡಿದ್ದರು, ಅದು ಈದು ಸತ್ತಿತು, ಗಂಡುಮರಿ ಉಳಿಯಿತು, ಫೋನಿನಲ್ಲಿ ಮಾವನಿಗೆ ಬೇರೆ ಮಾತೇ ಇರಲಿಲ್ಲ, ಬಾಟಲಿ ಕುಡೀತು ಕಣಮ್ಮ, ಇವತ್ತು ಮೆಟ್ಟಿಲು ಹತ್ತಿತು ಕಣಮ್ಮ, ಹಬ್ಬಕ್ಕೆ ಚೆನ್ನಾಗಿ ಮೈ ತುಂಬಿಕೊಳ್ಳತ್ತೆ ನೋಡು. ಬೆಳಿಗ್ಗೆ ಬಂದಾಗ ಅಡುಗೆಮನೆಯ ಕಿಟಕಿಯಲ್ಲಿ ಆ ಬಾಟಲಿ ಇತ್ತು, ರಬ್ಬರ್ ತೊಟ್ಟು ಒದ್ದೆ, ತಳದಲ್ಲಿ ಇನ್ನೂ ಬೆಚ್ಚಗಿನ ಹಾಲು, ಆಗ ಅವಳು ಅದನ್ನು ನೋಡಿದಳು, ಯೋಚಿಸಲಿಲ್ಲ. ಮರಿಯ ತಲೆ ಎಲ್ಲಿ ಅತ್ತೆ, ಪ್ರತಿ ವರ್ಷ ಇರತ್ತಲ್ಲ ಎಂದು ಕೇಳಿದ್ದಕ್ಕೆ ಅತ್ತೆ ಸ್ತಾನಾ ಒಲೆಯ ಕಡೆ ತಿರುಗಿ, ನಾಯಿ ಕಚ್ಚಿಕೊಂಡು ಹೋಯ್ತು, ಅಂದಿದ್ದರು. ಈ ಮನೆಯ ನಾಯಿಗೆ ಹಲ್ಲಿಲ್ಲ.

ಹಾಗಾದರೆ ಕೊಟ್ಟಿಗೆಯ ಹಿಂದೆಯೋ ಪಕ್ಕದವರ ತೋಟದಲ್ಲೋ ಆ ಮರಿ ಇದೆ, ಬದುಕಿದೆ, ಇವರು ಯಾರಿಂದಲೋ ಮೇಕೆಮರಿ ತಂದು ಒಲೆಗೆ ಹಾಕಿದ್ದಾರೆ, ನಗು ಬಂತು ಅವಳಿಗೆ, ಬಾಯಿಗೆ ರೊಟ್ಟಿ ತುರುಕಿಕೊಂಡಳು, ಮಾವನ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು, ಎಂಥ ಗಟ್ಟಿ ಕುರುಬ, ಎಷ್ಟು ಮರಿಗಳ ಕತ್ತು ಕಂಡ ಕೈ, ಒಂದು ಬಾಟಲಿ ಹಾಲಿಗೆ ಸೋತಿತು. ಇದೇ ಮಾವ ಮದುವೆಯ ವರ್ಷ ಕೇಳಿದ್ದರು, ನಮ್ಮ ಮಿಲೆನ್‌ನ ಹೆಂಡತಿ ಏನು ಕೆಲಸ ಮಾಡ್ತಾಳೆ, ಮೂಳೆ ತೊಳೀತಾಳಾ, ಅದಕ್ಕೆ ಓದಬೇಕಾ. ಓದಿದ್ದು ಚಿನ್ನಕ್ಕಾಗಿ, ನಿಜ ಹೇಳಬೇಕೆಂದರೆ, ಇತಿಹಾಸ ಓದಲು ಹೋದವರೆಲ್ಲ ಹಾಗೆಯೇ, ಹಳೆಯ ದಿಬ್ಬ ಅಗೆದರೆ ರಾಜನ ಬಟ್ಟಲು ಸಿಗುತ್ತದೆ ಎಂದು, ಮೊದಲ ಉತ್ಖನನಕ್ಕೆ ಅವಳು ಒಂದು ದಿನ ತಡವಾಗಿ ಹೋದಳು, ಕರಣೆ ಹಿಡಿಯುವ ಜಾಗವೆಲ್ಲ ಹಂಚಿಹೋಗಿತ್ತು, ಉಳಿದದ್ದು ನಲ್ಲಿಯ ಪಕ್ಕ ಮೂಳೆ ತೊಳೆಯುವ ಪ್ಲಾಸ್ಟಿಕ್ ತೊಟ್ಟಿ ಮತ್ತು ಹಲ್ಲುಜ್ಜುವ ಬ್ರಷ್ಷು, ಮತ್ತು ಮೂಳೆ ಗುರುತಿಸುವ ಪಾವ್ಲಿನಾ ಮೇಡಂ, ಬಾಯಲ್ಲಿ ಸಿಗರೇಟು, ಮಣ್ಣು ತೊಳಿ, ಬಾಯಿ ಮುಚ್ಚು, ಬೆರಳಿಗೆ ಕಲಿಸು, ತಲೆ ಆಮೇಲೆ ತಾನಾಗೇ ಬರತ್ತೆ. ಬೆರಳು ಕಲಿಯಿತು. ಹಂದಿಯದು ಒರಟು, ಜಿಂಕೆಯದು ಬಿಗಿ, ಮೊಲದ್ದು ಪೀಪಿಯ ಹಾಗೆ ಹಗುರ, ನಾಯಿ ಅಗಿದ ಗುರುತು ಬೇರೆ, ಕತ್ತಿ ಆಡಿದ ಗುರುತು ಬೇರೆ, ಒಂದು ದಿನ ಒಂದು ದವಡೆಯ ಹಾಲುಹಲ್ಲು ನೋಡಿ ಅವಳಿಗೆ ತಟ್ಟನೆ ಹೊಳೆಯಿತು, ಈ ಮರಿಯನ್ನು ವಸಂತದಲ್ಲಿ ಕೊಂದಿದ್ದಾರೆ, ಇವತ್ತಿನಂಥದೇ ದಿನ, ಯಾರೋ ಎಳೆ ಹುಲ್ಲಿನ ವಾಸನೆಯಲ್ಲಿ ಕೂತು ಉಂಡಿದ್ದಾರೆ, ಬೆರಳು ನೆಕ್ಕಿದ್ದಾರೆ, ಅವರ ಹೆಸರು ಭಾಷೆ ದೇವರು ಯಾವುದೂ ಉಳಿದಿಲ್ಲ, ಊಟ ಉಳಿದಿದೆ, ಅವತ್ತಿಗೆ ಚಿನ್ನದ ಆಸೆ ಹೋಯಿತು. ಹೋದದ್ದು ಒಳ್ಳೆಯದಾಯಿತು, ಚಿನ್ನ ಸಿಕ್ಕವರು ಟೀವಿಯಲ್ಲಿ ಬಂದರು, ಅವಳಿಗೆ ಮ್ಯೂಸಿಯಮ್ಮಿನ ನೆಲಮನೆ, ಒಂದು ದೀಪ, ಗೋಣಿಗೋಣಿ ಮೂಳೆ, ಯಾರೂ ಬಂದು ಮಾತಾಡಿಸುವುದಿಲ್ಲ, ಎಂಥ ಸುಖ. ಹೋಲಿಸಿ ನೋಡಲು ಈಗಿನ ಕಾಲದ ಮೂಳೆಯೂ ಬೇಕು, ಅದನ್ನು ಮಾರುವ ಅಂಗಡಿಯಿಲ್ಲ, ಬಾಲ್ಕನಿಯಲ್ಲಿ ಕುದಿಸಬೇಕು, ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡು ಬಂದಾಗ ಮಿಲೆನ್ ಬಾಗಿಲಲ್ಲಿ ನಿಂತು, ಸೂಪು ಸ್ವಲ್ಪ ಸೀದುಹೋಯ್ತು ಕ್ಷಮಿಸಿ, ಎಂದು ಸುಳ್ಳು ಹೇಳಿದ, ಒಳಗೆ ಕುದಿಯುತ್ತಿದ್ದದ್ದು ಬಿಲ ತೋಡುವ ಕಾಡುಪ್ರಾಣಿ ಬ್ಯಾಜರ್, ಅಂಥ ಗಂಡ ಸಿಗುವುದಕ್ಕೆ ಪುಣ್ಯ ಮಾಡಿರಬೇಕು. ಹಾಗೆ ಮೂಳೆ ತುಂಬಿಟ್ಟ ಡಬ್ಬಿಗಳಲ್ಲಿ ಎಲ್ಲ ಪ್ರಾಣಿಯೂ ಇದೆ, ಈ ಬೆಟ್ಟದ ಗಿಡ್ಡ ಕುರಿಯ ಮರಿ ಮಾತ್ರ ಇಲ್ಲ, ಮಾವನನ್ನು ಕೇಳಿದ್ದಳು, ಹಬ್ಬದ ಮರಿಯ ಮೂಳೆ ಕೊಡಿ ಮಾವ, ತೊಳೆದು ಇಟ್ಟುಕೊಳ್ತೀನಿ. ಆಗದ ಮಾತು, ಅಂದಿದ್ದರು ಮಾವ. ಹಬ್ಬದ ಮರಿಯ ಮೂಳೆ ಒಂದೂ ಮುರಿಯಬಾರದು, ನಾಯಿಗೆ ಹಾಕಬಾರದು, ಬಟ್ಟೆಯಲ್ಲಿ ಕಟ್ಟಿ ಇರುವೆಗೂಡಿನಲ್ಲಿ ಹೂಳಬೇಕು, ಇರುವೆಯ ಹಾಗೆ ಕುರಿ ಹೆಚ್ಚಲಿ ಎಂದು, ನಿನ್ನ ಡಬ್ಬೀಲಿ ಹೂತರೆ ಏನಮ್ಮ ಹೆಚ್ಚತ್ತೆ, ಡಬ್ಬಿ ಹೆಚ್ಚತ್ತೆ.

ಅಣ್ಣಾ, ಈ ವರ್ಷ ಮರೀಲಿ ಕೊಬ್ಬೇ ಇಲ್ವಲ್ಲೋ, ಯಾನಾಕಿಯ ದನಿ, ಫೋರ್ಕಿನ ತುದಿಯಲ್ಲಿ ಒಂದು ತುಂಡು ಎತ್ತಿ ತಿರುಗಿಸಿ ನೋಡುತ್ತಿದ್ದಾನೆ, ಬಾಟಲಿ ಹಾಲು ಕುಡಿಸಿ ಸಾಕಿದ ಮರಿ ಅಂದೆ, ಇದೇನು ಜಿಮ್ಮಿಗೆ ಕಳಿಸಿದ್ಯಾ, ಬೀಗರು ನಕ್ಕರು, ಮಾವ ನಗಲಿಲ್ಲ, ಬಿಸಿಲಲ್ಲಿ ಓಡಾಡ್ಕೊಂಡು ಬೆಳೆದದ್ದು ತಿನ್ನೋ ಸುಮ್ನೆ, ಅಂದರು, ಆದರೆ ಯಾನಾಕಿ ಸುಮ್ಮನಿರುವ ಜಾತಿಯಲ್ಲ, ನೋಡಿದರೆ ಮೇಕೆ ಥರ ಇದೆ ಅಂದ, ತಮಾಷೆಗೆ ಅಂದದ್ದು, ಅಂದಮೇಲೆ ಅವನಿಗೇ ಅದು ರುಚಿಸಿತು, ಲೋ ಅಣ್ಣಾ ನಿಜ ಹೇಳು, ಮೇಕೇನಾ. ಗ್ಲಾಸುಗಳು ನಿಂತವು. ಈ ಊರಿನಲ್ಲಿ ಮೇಕೆ ಸೈತಾನನು ಮಾಡಿದ ಪ್ರಾಣಿ, ಉಳಿದ ದಿನ ಹಾಲು ಕುಡಿಯುತ್ತಾರೆ ಚೀಸು ತಿನ್ನುತ್ತಾರೆ, ಕುರಿಮರಿಯೇ ಆಗಬೇಕಾದ ಸಂತನ ಹಬ್ಬಕ್ಕೆ ಮೇಕೆ ಇಟ್ಟವನು ಎಂದರೆ ಮುಗಿಯಿತು, ಸಾಯುವವರೆಗೂ ಅದೇ ಹೆಸರು, ಮೊಮ್ಮಕ್ಕಳಿಗೂ ಅದೇ, ಅದೂ ಹೊಸ ಬೀಗರ ಮುಂದೆ, ಅದೂ ಊರಿಗೆಲ್ಲ ಹೆಗಲ ಹಲಗೆ ಓದಿ ವರ್ಷದ ಮಳೆ ಬೆಳೆ ಹೇಳುವ ರುಸ್ಕೊ. ನಮ್ಮ ಮನೇಲೇ ತಜ್ಞರಿದ್ದಾರಲ್ಲಪ್ಪ, ಯಾನಾಕಿ ಇವಳ ಕಡೆ ತಿರುಗಿದ, ಬೀಗ್ರೇ, ಇವಳು ಮೂಳೆ ಪಂಡಿತೆ, ಸಾವಿರಾರು ವರ್ಷದ ಮೂಳೆ ನೋಡಿ ಜಾತಕ ಹೇಳ್ತಾಳೆ, ಹೇಳಮ್ಮ ಕ್ರೆಮೆನಾ, ನಿನ್ನ ತಟ್ಟೇಲಿರೋದು ಕುರಿದೋ ಮೇಕೆದೋ. ಎಲ್ಲರೂ ನೋಡುತ್ತಿದ್ದಾರೆ, ಬೀಗಿತ್ತಿ ಕನ್ನಡಕ ಸರಿಮಾಡಿಕೊಂಡಳು, ಅತ್ತೆಯ ಕೈ ಉಪ್ಪಿನ ಡಬ್ಬಿಯ ಮೇಲೆ ಹಾಗೇ ನಿಂತಿದೆ, ಅತ್ತೆಗೆ ಗೊತ್ತು, ಗೊತ್ತಿಲ್ಲದೆ ಒಲೆಗೆ ಹೇಗೆ ಹೋಯಿತು, ಮಾವ ತಟ್ಟೆ ನೋಡುತ್ತಿದ್ದಾರೆ, ಅವರ ಕಿವಿ ಕೆಂಪಗಾಗಿದೆ, ಈ ಮುದುಕನ ಕಿವಿ ಕೆಂಪಾದದ್ದನ್ನು ಅವಳು ಕಂಡೇ ಇಲ್ಲ, ಮತ್ತು ಬಟ್ಟಲು ಗುಂಡಗಿದೆ, ಅವಳ ಹೆಬ್ಬೆರಳು ಅಲ್ಲೇ ಇದೆ, ಯಾವಾಗ ಹೋಯಿತೋ. ಹೇಳಬಹುದು, ಮೇಕೆ ಎಂದರೆ ಇಷ್ಟು ವರ್ಷದ ತಮಾಷೆಗೆಲ್ಲ ಒಂದೇ ಏಟಿಗೆ ಉತ್ತರ, ನೋಡಿ, ಇದಕ್ಕೇ ಓದಿದ್ದು ಎಂದ ಹಾಗೆ, ನಾಲಿಗೆ ತುದಿಯವರೆಗೆ ಬಂತು, ಸುಳ್ಳಲ್ಲ, ಆಸೆಯಾಯಿತು. ಕುರಿ ಎಂದುಬಿಡಬಹುದು, ಆದರೆ ಬೆರಳು ಬಟ್ಟಲಲ್ಲಿರುವಾಗ ಬಾಯಿ ಅದಕ್ಕೆ ಒಪ್ಪುವುದಿಲ್ಲ, ಪಾವ್ಲಿನಾ ಮೇಡಂ ಗೋರಿಯಿಂದ ಎದ್ದು ಬಂದಾರು. ಎರಡೂ ಅಲ್ಲದ ಒಂದು ಜಾಗ ಅವಳ ಕಸುಬಿನಲ್ಲಿ ಮೊದಲಿನಿಂದ ಇದೆ, ಹೆಚ್ಚಿನ ಮೂಳೆ ಹೋಗಿ ಸೇರುವುದೇ ಅಲ್ಲಿಗೆ, ಮಾವ ಅದನ್ನು ಕೇಳಿ ಒಮ್ಮೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಊರೆಲ್ಲ ಹೇಳಿಕೊಂಡು ಬಂದಿದ್ದರು. ಅದು, ಚಿಕ್ಕಮಾವ, ಎಂದಳು, ಮೂಳೆಯನ್ನು ಬೆಳಕಿಗೆ ಹಿಡಿದು, ತಜ್ಞರ ಹಾಗೆ ಹುಬ್ಬು ಗಂಟಿಕ್ಕಿ, ಇಷ್ಟು ಎಳೆ ಮರಿಗಳದ್ದು ನಮಗೂ ಗೊತ್ತಾಗಲ್ಲ, ಕುರಿ ಅಥವಾ ಮೇಕೆ ಅಂತ ಬರೆದು ಬಿಟ್ಟುಬಿಡ್ತೀವಿ. ನಗುವಿಗೆ ಮೇಜೇ ನಡುಗಿತು, ಕುರಿ ಅಥವಾ ಮೇಕೆ, ಅಯ್ಯೋ ದೇವರೇ, ಇದನ್ನ ಹೇಳೋಕೆ ಡಾಕ್ಟರೇಟ್ ಮಾಡಿದ್ಯಾ, ಯಾನಾಕಿ ಕಣ್ಣೊರೆಸಿಕೊಂಡ, ಸರ್ಕಾರ ಸಂಬಳ ಬೇರೆ ಕೊಡತ್ತೆ ಬೀಗ್ರೇ, ಬೀಗರು ಮರ್ಯಾದೆಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಮಿಲೆನ್ ಕೂಡ ನಕ್ಕ, ನನ್ನ ಪುಣ್ಯ ಅಂದ, ನಿನ್ನನ್ನೂ ಹಾಗೇ ಬರೀತಾಳೆ ನೋಡೋ, ಗಂಡ ಅಥವಾ ಮೇಕೆ, ಎಂದ ಯಾನಾಕಿ, ಮತ್ತೆ ನಗು, ಕೊಬ್ಬಿನ ಮಾತು ಆ ನಗುವಿನಲ್ಲಿ ಎತ್ತಲೋ ಕೊಚ್ಚಿಹೋಯಿತು, ಅವಳೂ ನಗುತ್ತಿದ್ದಾಳೆ, ಮುಖ ಬಿಸಿಯಾಗಿದೆ, ಸ್ವಲ್ಪ ಉರಿಯಿತು, ಉರಿಯಲಿಲ್ಲ ಎನ್ನುವುದು ಬೇಡ, ಆದರೆ ಉರಿಯ ಕೆಳಗೆ ತಣ್ಣಗಿದೆ, ಹೊಟ್ಟೆ ತುಂಬಿದ ಹಾಗಿದೆ. ಎಲ್ಲರೂ ನಗುವಾಗ ಮಾವ ಒಬ್ಬರೇ ನಗುತ್ತಿಲ್ಲ.

ನಿಂತ ಗ್ಲಾಸುಗಳು ಮತ್ತೆ ಎದ್ದವು, ರಕಿಯಾ ಸುತ್ತು ಬಂತು, ಮಾವ ತಮ್ಮ ತಟ್ಟೆಯ ಬಲ ಹಲಗೆಯನ್ನು ಒರೆಸಿ ಬಿಸಿಲಿಗೆ ಹಿಡಿದರು, ಮೇಜು ಮೌನವಾಯಿತು, ಈ ಮೌನ ಅವಳಿಗೆ ಇಷ್ಟ, ಎಷ್ಟೋ ಸಾವಿರ ವರ್ಷದಿಂದ ಯಾರೋ ಒಬ್ಬರು ಮೂಳೆ ಹಿಡಿದು ನೋಡುವಾಗ ಉಳಿದವರು ಹೀಗೆಯೇ ಉಸಿರು ಹಿಡಿದಿರಬೇಕು, ನಮ್ಮಿಬ್ಬರ ಕಸುಬೂ ಒಂದೇ ಮಾವ, ನೀವು ಮುಂದಿನದು ಓದುತ್ತೀರಿ ನಾನು ಹಿಂದಿನದು, ಎಂದು ಹೇಳಬೇಕೆಂದು ಎಷ್ಟು ಸಲ ಅನಿಸಿದೆ, ಹೇಳಿದರೆ ನಕ್ಕುಬಿಟ್ಟಾರೆಂದು ಹೇಳಿಲ್ಲ. ಒಳ್ಳೆ ವರ್ಷ, ಎಂದರು ಮಾವ, ಮಳೆ ಇದೆ, ಮನೇಲಿ ಒಂದು ಜೀವ ಹೆಚ್ಚಾಗತ್ತೆ, ಬೀಗರು ನಾಚಿ ಖುಷಿಪಟ್ಟರು, ತಮ್ಮ ಮಗಳ ಮಾತೆಂದುಕೊಂಡರು, ಅತ್ತೆ ಕೆಮ್ಮಿದರು. ಊಟ ಮುಗಿದು ಎಲ್ಲರೂ ಚೆರಿ ಹೂ ನೋಡಲು ಹಿತ್ತಲಿಗೆ ಹೋದಾಗ ಮಾವ ಬಟ್ಟೆ ಹಾಸಿ ಮೂಳೆ ಆರಿಸುತ್ತಿದ್ದಾರೆ, ಒಂದೊಂದಾಗಿ, ಪಕ್ಕೆ, ಬೆನ್ನು, ತೊಡೆ, ಅವಳು ತನ್ನ ತಟ್ಟೆಯದನ್ನೂ ತಂದು ಇಟ್ಟಳು, ಅವರು ಗಂಟು ಕಟ್ಟಿ ಎದ್ದು ಇರುವೆಗೂಡಿನ ದಾರಿ ಹಿಡಿಯಬೇಕಿತ್ತು, ಹಿಡಿಯಲಿಲ್ಲ, ಗಂಟನ್ನು ಅವಳ ಮಡಿಲಿಗೆ ಇಟ್ಟರು. ಮಾವ, ಇರುವೆ. ಇರುವೆಗಳಿಗೆ ನಾನು ಮೋಸ ಮಾಡಲ್ಲ ತಾಯಿ, ತಗೊಂಡು ಹೋಗು, ತೊಳಿ, ಡಬ್ಬೀಗೆ ಹಾಕು. ಡಬ್ಬಿ ಮೇಲೆ ಮಾತ್ರ ಸರಿಯಾಗಿ ಬರಿ ಆಯ್ತಾ, ಅರ್ಧಂಬರ್ಧ ಬರೀಬೇಡ, ಅಲ್ಲಿ ನಿನಗೆ ಗೊತ್ತಿರೋದನ್ನೇ ಬರಿ. ಬರೀತೀನಿ ಮಾವ, ಎಂದಳು, ಕಣ್ಣು ತುಂಬಿತು, ಇಷ್ಟು ವರ್ಷದಲ್ಲಿ ಯಾವ ಸಮ್ಮೇಳನದ ಚಪ್ಪಾಳೆಗೂ ತುಂಬಿರಲಿಲ್ಲ, ಕೊಟ್ಟಿಗೆಯ ಹಿಂದೆ ಏನೋ ಒಮ್ಮೆ ಅರಚಿ ಸುಮ್ಮನಾಯಿತು, ಇಬ್ಬರೂ ಕೇಳಿಸಿಕೊಳ್ಳದವರ ಹಾಗೆ ಕೂತರು, ಮತ್ತೆ ಮಾವ ಗಂಟು ಬಿಚ್ಚಿ ಅವಳ ತಟ್ಟೆಯಲ್ಲಿದ್ದ ಎಡ ಹಲಗೆಯನ್ನು ಹೊರಗೆ ತೆಗೆದರು, ಎಲ್ಲಿ ತೋರಿಸು, ಹೇಗೆ ಕಂಡುಹಿಡಿದೆ, ಅವಳು ಅವರ ಕೈಯನ್ನು ಹಿಡಿದು ಜಾಗಕ್ಕೆ ತಂದಳು, ಇಲ್ಲಿ, ಕಣ್ಣು ಮುಚ್ಚಿ ನೋಡಿ, ಮುದುಕ ಕಣ್ಣು ಮುಚ್ಚಿದ, ಬಿರುಕು ಬಿಟ್ಟ ಆ ದಪ್ಪ ಹೆಬ್ಬೆರಳು ಪುಟ್ಟ ಬಟ್ಟಲಿನ ಅಂಚು ಹಿಡಿದು ನಿಧಾನವಾಗಿ ಒಂದು ಸುತ್ತು ಬಂತು, ಇನ್ನೊಂದು ಸುತ್ತು, ಗುಂಡಗೆ, ಗುಂಡಗೆ —