ಬೈಂಡಿಂಗ್ ಅಂಗಡಿಯ ಬೀಗದ ಪತ್ರಗಳು

ಕೆಳಗೆ ಪುಸ್ತಕ ಬೈಂಡಿಂಗ್ ಅಂಗಡಿ, ಮೇಲೆ ಮಾವ, ಅತ್ತೆ, ಸೊಸೆಯ ಸಂಸಾರ. ಎರಡಕ್ಕೂ ಸೇರಿ ಕಂಪ್ಯೂಟರ್ ಒಂದೇ, ಇಮೇಲ್ ವಿಳಾಸವೂ ಒಂದೇ. ಬಂದ ಪತ್ರಗಳನ್ನೆಲ್ಲ ಮಾವ ದಪ್ಪಕ್ಷರದಲ್ಲಿ ಪ್ರಿಂಟು ತೆಗೆದು, ಮಧ್ಯಾಹ್ನ ಊಟದ ಮೇಜಿಗೆ ತಂದು ಗಟ್ಟಿಯಾಗಿ ಓದುತ್ತಿದ್ದರು. ಅದರಲ್ಲಿ ಅವರಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಮನೆಗೆ ಬಂದದ್ದು ಮನೆಯವರಿಗೆಲ್ಲ ಸೇರಿದ್ದು ಎಂಬ ಭಾವನೆ, ಅಷ್ಟೆ. ಒಮ್ಮೆ ಸೊಸೆಯ ಅಕ್ಕ, "ನಿಮ್ಮತ್ತೆ ಈಗಲೂ ಗೋಡೆ ನಡುಗೋ ಹಾಗೆ ಗೊರಕೆ ಹೊಡೀತಾರಾ?" ಎಂದು ಬರೆದಿದ್ದಳು. "ಇನ್ನೂರು ಪ್ರತಿ, ನೀಲಿ ರಟ್ಟು" ಎಂಬುದನ್ನು ಓದಿದ ದನಿಯಲ್ಲೇ ಮಾವ ಅದನ್ನೂ ಓದಿಬಿಟ್ಟರು. ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದರು.

ಅಂಥ ಮನೆಯಲ್ಲಿ ಸೊಸೆಗೆ ಒಂದು ಗುಟ್ಟು ಬಂದು ಗಂಟುಬಿತ್ತು.

ಪುಸ್ತಕದ ಬೆನ್ನಿನ ಮೇಲೆ ಬಂಗಾರದ ಹಾಳೆಯಿಟ್ಟು, ಬಿಸಿ ಅಚ್ಚು ಒತ್ತಿ ಹೆಸರು ಮೂಡಿಸುವ ಕೆಲಸ ಮಾವನದು. ನಲವತ್ತು ವರ್ಷದಿಂದ ಅಳತೆಪಟ್ಟಿ ಮುಟ್ಟದೆ ನೂಲು ಹಿಡಿದಂತೆ ಒತ್ತುತ್ತಿದ್ದ ಕೈ ಅದು. ಈಚೆಗೆ ಅಕ್ಷರಗಳು ವಾಲತೊಡಗಿದ್ದವು. ಒಂದು 'ಕ' ಮೇಲಕ್ಕೆ ನೆಗೆದರೆ ಪಕ್ಕದ 'ಥ' ಕುಕ್ಕರಗಾಲಿನಲ್ಲಿ ಕೂತಿರುತ್ತಿತ್ತು. ಸೊಸೆ ಬೆಳಿಗ್ಗೆ ಅವರಿಗಿಂತ ಮೊದಲೇ ಕೆಳಗಿಳಿದು, ಕೆಟ್ಟ ಬೆನ್ನುಗಳನ್ನು ಕಿತ್ತು ಹೊಸದಾಗಿ ಅಂಟಿಸಿ, ಹೆಸರು ಒತ್ತಿ, ಏನೂ ಅರಿಯದವಳಂತೆ ಪುಟ ಹೊಲಿಯುತ್ತ ಕೂರುತ್ತಿದ್ದಳು. ಕೈ ನಡುಗುತ್ತಿಲ್ಲ, ಕಣ್ಣು ಮಂಜಾಗಿದೆ ಎಂದು ಅವಳಿಗೆ ಖಾತ್ರಿಯಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವವರು ಯಾರು? ಕನ್ನಡಕ ಎಂಬ ಮಾತೆತ್ತಿದರೇ ಮಾವ ಸಿಡಿಮಿಡಿಗೊಳ್ಳುತ್ತಿದ್ದರು.

ಅಕ್ಕ ಪಟ್ಟಣದ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಅವಳನ್ನು ಫೋನಿನಲ್ಲಿ ಕೇಳೋಣವೆಂದರೆ ಆ ಮನೆಯ ಗೋಡೆಗಳು ರಟ್ಟಿಗಿಂತ ತೆಳು. "ಒಂದು ವಿಷಯ ಇದೆ, ಬರೆದು ಕಳಿಸ್ಬೇಕು, ಆದ್ರೆ..." ಎಂದಷ್ಟೇ ಸೊಸೆ ಫೋನಿನಲ್ಲಿ ಪಿಸುಗುಟ್ಟಿದಳು.

"ನಿಮ್ಮನೆ ಇಮೇಲ್ ಅಂದ್ರೆ ಡಂಗುರ ಕಣೇ," ಎಂದಳು ಅಕ್ಕ. "ನಮ್ಮ ಆಸ್ಪತ್ರೇಲಿ ರೋಗಿಗಳ ವಿಷಯ ಎಲ್ಲಾ ಬೀಗ ಹಾಕಿಯೇ ಕಳಿಸೋದು. ನೀನೂ ಕಲ್ತುಕೋ. ನಾನು ಬಾಯಿ ತೆರೆದ ಬೀಗ ಒಂದನ್ನ ಕಳಿಸ್ತೀನಿ ಅಂದ್ಕೋ. ಅದನ್ನ ಯಾರು ಬೇಕಾದ್ರೂ ಒತ್ತಿ ಹಾಕಬಹುದು, ತೆಗೆಯೋ ಕೀಲಿ ಮಾತ್ರ ನನ್ನ ಹತ್ರ. ಹಾಗೇ ನಿಂದೊಂದು ಬೀಗ ಮಾಡಿ ನನಗೆ ಕಳಿಸು, ಕೀಲಿ ನೀನಿಟ್ಕೋ."

"ಬರೆದವಳು ನೀನೇ ಅಂತ ನನಗೆ ಹೇಗೆ ಗೊತ್ತಾಗತ್ತೆ?"

"ಅದಕ್ಕೇ ಸಹಿ. ಅದು ಇದರ ತಿರುವುಮುರುವು. ಹಾಕೋಕೆ ನನ್ನ ಕೀಲಿಯಿಂದ ಮಾತ್ರ ಸಾಧ್ಯ. ಅದು ನಂದೇ ಹೌದಾ ಅಂತ ಯಾರು ಬೇಕಾದ್ರೂ ನೋಡ್ಕೋಬಹುದು. ಸರಿ ಇದ್ರೆ ಪತ್ರದ ತಲೆ ಮೇಲೆ ಹಸಿರು ಗುರುತು ಬರತ್ತೆ."

ಎರಡು ಮಧ್ಯಾಹ್ನ ತಿಣುಕಾಡಿ ಸೊಸೆ ತನ್ನ ಬೀಗ, ಕೀಲಿ ಮಾಡಿಕೊಂಡಳು. ಕೀಲಿಗೆ ಕಾವಲಾಗಿ ಒಂದು ಉದ್ದನೆಯ ಗುಟ್ಟಿನ ಮಾತನ್ನೂ ಇಟ್ಟಳು. ಮಾವನ ಕಣ್ಣಿನ ಕಥೆಯನ್ನೆಲ್ಲ ಬರೆದು, ಬೀಗ ಒತ್ತಿ, ಕಳಿಸಿ, ಮರುದಿನ ಹಗುರಾಗಿ ಊಟಕ್ಕೆ ಬಂದಳು. ಮಾವ ಅಕ್ಕನ ಉತ್ತರದ ಪ್ರಿಂಟು ಹಿಡಿದು ಕೂತಿದ್ದರು. ಹಾಳೆಯ ತುಂಬ ಅರ್ಥವಿಲ್ಲದ ಅಕ್ಷರಗಳ ರಾಶಿ. ತಲೆಯ ಮೇಲೆ ಮಾತ್ರ ಸೊಸೆಯೇ ಕೊಟ್ಟಿದ್ದ ವಿಷಯದ ಸಾಲು, ಚೊಕ್ಕ ಕನ್ನಡದಲ್ಲಿ: "ಮಾವನವರಿಗೆ ಗೊತ್ತಾಗಬಾರದು."

ಅದನ್ನು ಅವರು ಎಂದಿನಂತೆ ಗಟ್ಟಿಯಾಗಿ ಓದಿದರು.

"ಏನು ಗೊತ್ತಾಗಬಾರದು?" ಎಂದರು ಅತ್ತೆ.

"ಅದೇ ಗೊತ್ತಾಗ್ತಿಲ್ಲವಲ್ಲ!" ಎಂದರು ಮಾವ.

ಬೀಗ ಬೀಳುವುದು ಪತ್ರದ ಒಡಲಿಗೆ ಮಾತ್ರ, ವಿಷಯದ ಸಾಲು ಬಯಲಲ್ಲೇ ಇರುತ್ತದೆ ಎಂದು ಅಕ್ಕ ಹೇಳಿಯೇ ಇರಲಿಲ್ಲ. ಸೊಸೆಯ ಕಿವಿ ಕೆಂಪಾದವು. "ಏನೋ ಹೆಂಗಸರ ವಿಷಯ, ಮಾವ" ಎಂದು ತಟ್ಟೆಗೆ ತಲೆಬಗ್ಗಿಸಿದಳು.

ಮಾವನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮರುದಿನವೇ 'ಅಕ್ಕ' ಎಂಬ ಹೆಸರಿನಲ್ಲಿ, ಯಾವುದೋ ಹೊಸ ವಿಳಾಸದಿಂದ ಒಂದು ಪತ್ರ ಬಂತು. "ಪ್ರೀತಿಯ ಸಹೋದರಿಗೆ ಅನಂತ ಆಶೀರ್ವಾದಗಳು. ನೀನು ಹಿಂದೆ ಬರೆದ ಸಂಗತಿ ನನಗೆ ಮರೆತುಹೋಗಿದೆ. ದಯವಿಟ್ಟು ಓದಲು ಬರುವ ಅಕ್ಷರಗಳಲ್ಲಿ ಇನ್ನೊಮ್ಮೆ ವಿವರವಾಗಿ ತಿಳಿಸುವುದು." ತಲೆಯ ಮೇಲೆ ಹಸಿರು ಗುರುತಿಲ್ಲ. ಅದೂ ಅಲ್ಲದೆ, ಅವಳ ಅಕ್ಕ ಹುಟ್ಟಿದಾರಭ್ಯ "ಲೇ" ಎನ್ನದೆ ಪತ್ರ ಶುರುಮಾಡಿದವಳಲ್ಲ.

ಸೊಸೆ ಕಂಪ್ಯೂಟರ್ ಪರದೆಯನ್ನು ಮಾವನತ್ತ ತಿರುಗಿಸಿದಳು. "ಮಾವ, ಈ ಪತ್ರಕ್ಕೆ ಸಹಿ ಇಲ್ಲ. ಬರೆದದ್ದು ಅಕ್ಕ ಅಲ್ಲ."

"ಛೆ, ಎಂಥಾ ಕಾಲ ಬಂತು" ಎಂದರು ಮಾವ, ಅಂಟಿನ ಡಬ್ಬಿ ಕಲಕುತ್ತ.

"ಬರೆದೋರು ತುಂಬಾ ಮರ್ಯಾದಸ್ಥರು."

ಮಾವ ಇನ್ನೆರಡು ಸುತ್ತು ಕಲಕಿದರು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. "ಸಿಕ್ಕಿಬಿದ್ದೆ ಬಿಡು. ನಿನ್ನ ಗುಟ್ಟು ನಿನಗಿರ್ಲಿ ಮಗಳೇ. ಆದ್ರೆ ಈ ವಿದ್ಯೆ ನನಗೂ ಕಲಿಸು."

"ನಿಮಗ್ಯಾಕೆ ಮಾವ?"

"ನನಗೇನು ಗುಟ್ಟಿರಬಾರದಾ?"

ಕಲಿಸಿದಳು. ಮಾವನ ಹೆಸರಿನಲ್ಲೊಂದು ಬೀಗ ತಯಾರಾಯಿತು. ಅದು ನಿಜಕ್ಕೂ ಅವರದೇ ಎಂದು ಖಾತ್ರಿ ಮಾಡಲು, ಅದರ ಗುರುತಿನ ನಲವತ್ತು ಅಂಕಿ-ಅಕ್ಷರಗಳನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಬೇಕಿತ್ತು. ಪರದೆಯ ಮೂಲೆಯ ಆ ಪುಟ್ಟ ಕಿಟಕಿಯನ್ನು ಹಿಗ್ಗಿಸಲು ಬರುತ್ತಿರಲಿಲ್ಲ. ಮಾವ ಮೂಗು ತಾಗಿಸಿ ಓದಿದರು. "ಮೂರು, ಎಂಟು, ಎಂಟು, ಸೊನ್ನೆ..."

"ತಾಳೆ ಆಗ್ತಿಲ್ಲ ಮಾವನೋರೆ," ಎಂದಳು ಅಕ್ಕ ಆ ಕಡೆಯಿಂದ. "ಇನ್ನೊಂದ್ಸಲ."

ಇನ್ನೊಂದು ಸಲ ಎಂಟು ಹೋಗಿ 'ಬಿ' ಆಯಿತು, ಸೊನ್ನೆ 'ಡಿ' ಆಯಿತು. ಮೂರನೆಯ ಸಲ ಸೊಸೆ, "ಸ್ವರ ಕೂತಿದೆ ನಿಮ್ದು, ನಾನು ಹೇಳ್ತೀನಿ" ಎಂದು ಫೋನು ತೆಗೆದುಕೊಂಡಳು. ಮೇಲಿನಿಂದ ಅತ್ತೆ, "ಯಾರದು, ಅಂಗಡೀಲಿ ಮಗ್ಗಿ ಹೇಳ್ತಿರೋದು?" ಎಂದು ಕೂಗಿದರು.

ಮರುದಿನ ಕಳಿಸಿದ ಪತ್ರಗಳ ಪಟ್ಟಿಯಲ್ಲಿ ಒಂದು ಹೊಸದು ಕಂಡಿತು. ಮಾವನಿಂದ ಅಕ್ಕನಿಗೆ. ವಿಷಯದ ಸಾಲು: "ಊಟವಾಯಿತೇ?" ಒಳಗೆ ಬೀಗ. ಸೊಸೆ ತನ್ನ ಕೀಲಿ ತಿರುಗಿಸಿ ನೋಡಿದಳು, ತೆರೆಯಲಿಲ್ಲ. ತೆರೆಯುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ನೋಡಿದಳು. ಈಗ ಅನ್ನ ಇಳಿಯದೆ ಇರುವ ಸರದಿ ಅವಳದಾಯಿತು. ತನ್ನ ಮೇಲೆ ಏನಾದರೂ ದೂರು ಬರೆದರೋ?

ಅಕ್ಕನಿಂದ ಅವಳಿಗೆ ಬಂದ ಮುಂದಿನ ಪತ್ರ ಚಿಕ್ಕದು. "ಲೇ, ಗುರುವಾರ ಹತ್ತು ಗಂಟೆಗೆ ಡಾಕ್ಟರು ನೋಡ್ತಾರೆ. ಹೇಗಾದ್ರೂ ಮಾಡಿ ನಿಮ್ಮ ಮಾವನ್ನ ಕರ್ಕೊಂಡು ಬಾ." ಹಸಿರು ಗುರುತು ಪತ್ರದ ತಲೆಯ ಮೇಲೆ ನಿಚ್ಚಳವಾಗಿತ್ತು. ಅದೇ ದಿನ ಮಾವನಿಗೂ ಒಂದು ಬೀಗದ ಪತ್ರ ಬಂದಿತ್ತು.

ಗುರುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸೊಸೆ ಗಂಟಲು ಸರಿಮಾಡಿಕೊಂಡಳು. "ಮಾವ, ಅಕ್ಕನಿಗೆ ಸ್ವಲ್ಪ ಹುಷಾರಿಲ್ಲವಂತೆ. ಒಬ್ಬಳೇ ಹೋಗೋಕೆ ಬೇಜಾರು..."

"ನಾನೂ ಅದೇ ಹೇಳೋಣ ಅಂತಿದ್ದೆ," ಎಂದರು ಮಾವ ಗಡಿಬಿಡಿಯಿಂದ. "ಪಟ್ಟಣದಲ್ಲಿ ಒಳ್ಳೇ ಚರ್ಮ ಬಂದಿದೆಯಂತೆ. ಹೊರೋಕೆ ಜೊತೆಗೆ ಯಾರಾದ್ರೂ ಬೇಕು..."

ಇಬ್ಬರೂ ಇಷ್ಟು ಬೇಗ ಒಪ್ಪಿದ್ದು ಇಬ್ಬರಿಗೂ ಅನುಮಾನ ತಂದಿತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಇಳಿದ ಮೇಲೆ ಅವರು ಇವಳನ್ನು ಎಡಕ್ಕೆ ಎಳೆದರೆ ಇವಳೂ ಎಡಕ್ಕೇ ಎಳೆದಳು. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ಕೈಯಲ್ಲೊಂದು ಫೈಲು ಹಿಡಿದು ಗಟ್ಟಿಮುಟ್ಟಾಗಿ ನಿಂತಿದ್ದಳು.

"ತಂಗಿ ಬರೀತಾಳೆ, ಮಾವನಿಗೆ ಹೇಳ್ಬೇಡ ಅಂತ. ಮಾವ ಬರೀತಾರೆ, ಸೊಸೆಗೆ ಹೇಳ್ಬೇಡ ಅಂತ. ನಾನು ಇಬ್ಬರಿಗೂ ಹೇಳ್ಲಿಲ್ಲಪ್ಪ!" ಎಂದಳು. "ಕಣ್ಣಿಗೆ ಔಷಧಿ ಬಿಟ್ರೆ ಒಬ್ರೇ ಮನೆಗೆ ಹೋಗೋ ಹಾಗಿಲ್ಲ, ಜೊತೆಗೆ ಜನ ಇರ್ಲಿ ಅಂತ ಮಾತ್ರ ಇವರಿಗೆ ಬರೆದೆ."

ಸೊಸೆ ಮಾವನನ್ನು ನೋಡಿದಳು. "ನಿಮಗೆ ಗೊತ್ತಿತ್ತಾ?"

"ನನ್ನ ಕಣ್ಣು ನನಗೆ ಗೊತ್ತಿರಲ್ವೇನೇ?" ಮಾವ ನೆಲ ನೋಡಿದರು. "ಒತ್ತಿದ ಅಕ್ಷರ ಹೆಬ್ಬೆರಳಿಗೆ ಸಿಗತ್ತೆ. ಸಂಜೆ ನಾನು ಓರೆ ಮಾಡಿ ಹೋದದ್ದು ಬೆಳಿಗ್ಗೆ ನೆಟ್ಟಗೆ ನಿಂತಿರ್ತಿತ್ತು. ಮೊದಲನೇ ದಿನ ಪವಾಡ ಅಂದ್ಕೊಂಡೆ. ಎರಡನೇ ದಿನ ನಿನ್ನ ಬೆರಳಲ್ಲಿ ಬಂಗಾರದ ಪುಡಿ ಕಂಡಿತು. ನೀನು ನನ್ನ ಮಾನ ಕಾಪಾಡ್ತಿದ್ದೆ, ನಾನು ಹೇಗಮ್ಮ ಬಾಯಿಬಿಡಲಿ?"

ಅವಳಿಗೆ ಅಳು ಬಂದು, ಜೊತೆಗೇ ನಗುವೂ ಬಂತು.

ಪೊರೆ ಎಂದರು ಡಾಕ್ಟರು. ಎರಡು ವಾರಕ್ಕೆ ಒಂದು ಕಣ್ಣಿನ ಆಪರೇಷನ್, ಮುಂದಿನ ತಿಂಗಳು ಇನ್ನೊಂದರದು ಆಯಿತು. ಕೆಲಸಕ್ಕೆ ಅಪ್ಪಣೆ ಸಿಕ್ಕಿದ ದಿನ ಮಾವ ಅವಳು ಒತ್ತಿದ ಬೆನ್ನುಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದರು. "ಒತ್ತಕ್ಷರ ಕೊಂಚ ಕೆಳಗಾಯ್ತು" ಎಂದರು ಒಂದಕ್ಕೆ. ಉಳಿದ ಹದಿನೇಳಕ್ಕೆ ಏನೂ ಅನ್ನಲಿಲ್ಲ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲವೆಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಅಂದಿನಿಂದ ಅಚ್ಚು ಕಾಯಿಸುವ ಒಲೆಯ ಮುಂದೆ ಎರಡು ಸ್ಟೂಲು ಬಿದ್ದವು.

ಆ ವಾರವೇ ಅತ್ತೆ, ಸೆರಗಿಗೆ ಕೈ ಒರೆಸುತ್ತ, ಕಂಪ್ಯೂಟರಿನ ಮುಂದೆ ಬಂದು ಕೂತರು.

"ನನಗೂ ಒಂದು ಬೀಗ ಮಾಡಿಕೊಡು."

"ಯಾರಿಗೆ ಬರೀತೀಯೇ ನೀನು?" ಎಂದರು ಮಾವ.

"ಅದು ನಿಮಗ್ಯಾಕೆ?" ಎಂದು ಅತ್ತೆ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.