ನಾನಿ ಊದಿದ ನಳಿಕೆಗಳು

ಬೆವರು ತಾಗಿದರೆ ಕೆಟ್ಟಿತು, ಉಗುಳಿನ ಹನಿ ಸಿಡಿದರೆ ಮುಗಿಯಿತು. ಎಂಆರ್‌ಎನ್‌ಎ ಎಂಬುದು ಅಷ್ಟು ನಾಜೂಕಿನ ನವಾಬ. ಹಿಮೋಗ್ಲೋಬಿನ್ನಿನ ಪ್ರೋಟೀನನ್ನು ಹೀಗೆ ಕಟ್ಟು ಎಂದು ಜೀವಕೋಶಕ್ಕೆ ಅಪ್ಪಣೆ ಒಯ್ಯುವುದು ಅದೇ. ಜವಳಗೇರಾದ ಒಂದು ಆಡಿನ ರಕ್ತದಿಂದ ನಾನು ಬೇರ್ಪಡಿಸಿದ ಆರ್‌ಎನ್‌ಎ ಮೂರು ನಳಿಕೆಗಳಲ್ಲಿತ್ತು. ಆ ಅಪ್ಪಣೆ ಅದರಲ್ಲಿದೆ ಎಂದು ಮರುದಿನ ರಾಯಚೂರಿನ ಲ್ಯಾಬಿನಲ್ಲಿ ತೋರಿಸದಿದ್ದರೆ ನನ್ನ ಪಿಎಚ್‌ಡಿ ಖಲಾಸ್.

ಸಿಂಧನೂರಿನ ಮನೆಯ ಫ್ರಿಜ್ಜಿನಲ್ಲಿ ನಳಿಕೆಗಳನ್ನಿಟ್ಟು, ಅಮ್ಮನ ತಾಯಿ ಜಮೀಲಾಬೀಯ ಗಲ್ಲ ಹಿಡಿದು ಹೇಳಿದೆ. "ನಾನಿ, ಇದರಾಗಿಂದು ಯಾರೂ ಮುಟ್ಟಬಾರದು."

ಬೆಳಿಗ್ಗೆ ನೋಡಿದರೆ ಮೂರೂ ಮುಚ್ಚಳ ಬಿಚ್ಚಿವೆ. ಹೊಸ ಬೈಕಿಗೂ ಜ್ವರದ ಕೂಸಿಗೂ ದುವಾ ಓದಿ ಊದುವ ನಾನಿ, ಕಣ್ಣು ಮುಚ್ಚಿಕೊಂಡು ನನ್ನ ನಳಿಕೆಗೂ ಫೂ ಎಂದು ಊದುತ್ತಿದ್ದಾಳೆ.

"ಏನು ಮಾಡಾಕತ್ತೀ ನಾನಿ?"

"ಮುಟ್ಟಿಲ್ಲ ಬೇ. ಬರೇ ಊದೀನಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ನಾನಿಯ ಮೇಲೆ ಸಿಟ್ಟಿತ್ತು. ಆದರೂ ಲ್ಯಾಬಿನಲ್ಲಿ ಮೂರು ನಳಿಕೆಗಳದ್ದನ್ನೂ ಬೇರೆ ಬೇರೆಯಾಗಿ ಗೋಧಿ ಮೊಳಕೆಯ ರಸಕ್ಕೆ ಹಾಕಿದೆ. ಅಪ್ಪಣೆ ಸಿಕ್ಕರೆ ಆ ರಸ ಗೋಧಿಯದ್ದಾದರೂ ರಕ್ತದ ಪ್ರೋಟೀನನ್ನೇ ತಯಾರಿಸುತ್ತದೆ. ಮೊದಲೆರಡರಲ್ಲಿ ಏನೂ ಇಲ್ಲ, ಆರ್‌ಎನ್‌ಎ ಚೂರುಚೂರಾಗಿತ್ತು. ಮೂರನೆಯದರಲ್ಲಿ ಹಿಮೋಗ್ಲೋಬಿನ್ನಿನ ಪ್ರೋಟೀನು ಸ್ಪಷ್ಟವಾಗಿ ಕಂಡಿತು. ಗೈಡ್ ಎದುರಿಗೇ ಕುಣಿದುಬಿಟ್ಟೆ.

ಕೂಡಲೇ ಮನೆಗೆ ಫೋನ್ ಮಾಡಿದೆ. "ನಾನಿ, ಮೂರನೇದಕ್ಕ ಊದಿಲ್ಲೇನು?"

"ಎರಡಕ್ಕ ಊದೋದ್ರಾಗ ದಮ್ಮು ಹತ್ತಿತು. ಈಗೀಗ ನಾಲ್ಕು ಮೆಟ್ಟಿಲು ಹತ್ತಿದ್ರೂ ಕಣ್ಣಿಗೆ ಕತ್ತಲಿ ಬರ್ತೈತಿ. ಆ ಒಂದಕ್ಕ ದುವಾ ಕಮ್ಮಿ ಬಿತ್ತು, ಸಿಟ್ಟಾಗಬ್ಯಾಡ."

ನನ್ನ ಕುಣಿತ ನಿಂತುಹೋಯಿತು. ವರ್ಷಗಟ್ಟಲೆ ಆಡಿನ ರಕ್ತ ಸೋಸುತ್ತ ಕೂತವಳು, ಪಕ್ಕದಲ್ಲೇ ಮಲಗುವ ನಾನಿಯ ಮುಖ ಬಿಳಿಚಿಕೊಂಡಿದ್ದನ್ನು ನೋಡಿರಲಿಲ್ಲ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಮರುದಿನವೇ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ ಆರೂವರೆ. ಡಾಕ್ಟರು ಕಬ್ಬಿಣಾಂಶದ ಗುಳಿಗೆ ಬರೆದರು. ಗುಳಿಗೆ ಎಂದರೆ ಮಾರುದೂರ ಓಡುವ ನಾನಿ ಸೆರಗು ಕೊಡವಿ ಎದ್ದಳು.

"ನಿನ್ನ ಆಡಿಗೆ ಎಷ್ಟಿತ್ತು?"

"ಒಂಬತ್ತೂವರಿ."

ನಾನಿ ಸೀದಾ ಔಷಧಿ ಅಂಗಡಿಗೆ ನಡೆದಳು. ಅಲ್ಲಿನ ಕಟ್ಟೆಯ ಮೇಲೇ ಕೂತು, ನೀರು ತರುವವರೆಗೂ ಕಾಯದೆ ಗುಳಿಗೆ ನುಂಗಿದಳು.

"ಹತ್ತು ದಾಟಲಿ," ಎಂದಳು, "ಆಮ್ಯಾಲ ಆ ಆಡನ್ನ ನನ್ನ ಮುಂದ ಕರಕೊಂಡು ಬಾ."